ನೀಲಿ ವೈರಿನ ಇನ್ನೊಂದು ತುದಿ

ನಮ್ಮ ಮನೆಯ ಚಕ್ಕುಲಿ ಡಬ್ಬಿಯಲ್ಲಿ ಚಕ್ಕುಲಿ ಇರುವುದಿಲ್ಲ. ಇದು ಗೊತ್ತಿಲ್ಲದ ನೆಂಟರು ಯಾರಾದರೂ ಸಲಿಗೆಯಿಂದ ಅದರ ಮುಚ್ಚಳ ತೆಗೆದರೆ, ಒಂದು ಕ್ಷಣ ಒಳಗೆ ಇಣುಕಿ, ಕಾಣಬಾರದ್ದನ್ನು ಕಂಡವರಂತೆ ಮೆಲ್ಲಗೆ ಮುಚ್ಚಿ ಕಿಟಕಿಯ ಕಡೆ ನೋಡುತ್ತಾರೆ. ಒಳಗಿರುವುದೂ ಸುರುಳಿಗಳೇ. ಬೂದು ಬಣ್ಣದ್ದು, ಹಳದಿಯದು, ಒಂದು ಕಾಲದಲ್ಲಿ ಬಿಳಿಯಾಗಿದ್ದದ್ದು. ಅವು ಯಾವ ಕಂಪ್ಯೂಟರಿನಿಂದ ಯಾವ ಗೋಡೆಗೆ ಹೋಗುತ್ತಿದ್ದವೋ ಆ ಕಂಪ್ಯೂಟರುಗಳು ಈಗಿಲ್ಲ. ಒಂದೆರಡು ಕಡೆ ಆ ಗೋಡೆಗಳೂ ಇಲ್ಲ. ಜೊತೆಗೆ ಸತ್ತ ಫೋನುಗಳ ಚಾರ್ಜರುಗಳು, ಮತ್ತು ಏನೆಂದು ಯಾರಿಗೂ ತಿಳಿಯದ, ಆದ್ದರಿಂದಲೇ ಎಸೆಯಲು ಯಾರಿಗೂ ಧೈರ್ಯವಾಗದ ಒಂದು ಕಪ್ಪು ತುಂಡು.

ಮುಂಬಯಿಯ ಫ್ಲಾಟಿನಲ್ಲಿ ಮನುಷ್ಯನಿಗೇ ಜಾಗ ಅಳೆದು ಸಿಗುತ್ತದೆ. ನನ್ನ ಪುಸ್ತಕಗಳು ಮಂಚದ ಕೆಳಗಿವೆ. ಮಂಚದ ಕೆಳಗಿದ್ದ ಸೂಟ್‌ಕೇಸು ಬಾತ್‌ರೂಮಿನ ಲಾಫ್ಟಿಗೆ ಹೋಗಿದೆ. ಲಾಫ್ಟಿನಲ್ಲಿದ್ದ ಹಿತ್ತಾಳೆಯ ಕೊಳದಪ್ಪಲೆ ನನ್ನ ಅಕ್ಕನ ಮನೆಗೆ, ಮುಲುಂಡಿಗೆ ಹೋಗಿದೆ. ಆದರೂ ಈ ಡಬ್ಬಿಗೆ ಮಾತ್ರ ಅಡುಗೆಮನೆಯಲ್ಲಿ ಕೈಗೆಟುಕುವ ಶೆಲ್ಫೇ ಬೇಕು. ನಾಳೆ ಬೇಕಾಗಬಹುದು ಎನ್ನುತ್ತೇವೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ, ಇಲ್ಲವೆನ್ನಬೇಡಿ.

ಮೊನ್ನೆ ಯಾವುದಕ್ಕೋ ರಬ್ಬರ್ ಬ್ಯಾಂಡ್ ಹುಡುಕುತ್ತ ಆ ಡಬ್ಬಿ ಇಳಿಸಿದೆ. ಮುಚ್ಚಳದ ಸದ್ದಿಗೇ ಆಚೆ ಕೋಣೆಯಿಂದ ನನ್ನ ಹೆಂಡತಿ ವತ್ಸಲಾ ಕೂಗಿದಳು.

“ನೀಲಿ ವೈರ್ ಮುಟ್ಟಿಲ್ಲ ತಾನೇ?”

“ಇಲ್ಲ ಕಣೇ.”

“ಮುಟ್ಟಬೇಡಿ.”

ನೀಲಿ ವೈರು ಡಬ್ಬಿಯಲ್ಲಿಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಬೇರೆಯೇ ಸ್ಥಾನಮಾನ. ಆ ಸ್ಥಾನಮಾನ ಅದಕ್ಕೆ ಹೇಗೆ ಬಂತೆಂದು ಸರಿಯಾಗಿ ಬಲ್ಲವನು ನಾನೊಬ್ಬನೇ. ‘ಸರಿಯಾಗಿ’ ಎಂಬ ಮಾತನ್ನು ಸ್ವಲ್ಪ ಅಂಜುತ್ತಲೇ ಬರೆಯುತ್ತಿದ್ದೇನೆ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಕಣ್ಣಾರೆ ಕಂಡೆ ಎನ್ನುವವನನ್ನೇ ಮೊದಲು ಅನುಮಾನಿಸಿ ಎಂದು ತಲೆಮಾರುಗಟ್ಟಲೆ ಹುಡುಗರಿಗೆ ಹೇಳಿಕೊಟ್ಟು, ಕೊನೆಗೆ ಆ ಅನುಮಾನವನ್ನು ಮನೆಗೂ ತಂದುಕೊಂಡೆ. ನೆನಪನ್ನು ನಂಬಲಾರದೆಯೇ ದಿನಚರಿ ಬರೆಯುವ ಚಾಳಿ ಹತ್ತಿತು. ಆದರೆ ದಿನಚರಿಯನ್ನು ಬರೆಯುವುದು ಸಂಜೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಎಲ್ಲವೂ ನೆನಪಿನ ಕೈಯಲ್ಲೇ ಇರುತ್ತದಲ್ಲ. ನಡೆದದ್ದನ್ನು ತಿದ್ದಲು ಅಷ್ಟು ಹೊತ್ತು ಅದಕ್ಕೆ ಧಾರಾಳ ಸಾಕು.

ನಮ್ಮ ಮನೆ ಚೆಂಬೂರಿನಲ್ಲಿ, ಒಂದು ಹಳೆಯ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿದೆ. ಜೋಡಿ ಫ್ಲಾಟು. ಎಂದರೆ ಅಕ್ಕಪಕ್ಕದ ಎರಡು ಪುಟ್ಟ ಫ್ಲಾಟುಗಳನ್ನು ಕೊಂಡು ನಡುವಿನ ಗೋಡೆ ಒಡೆದು ಒಂದು ಮಾಡಿದ್ದು. ಒಡೆಯಲು ಬಂದ ಕಂಟ್ರಾಕ್ಟರು ಗೋಡೆಯಲ್ಲಿ ಬೀಮ್ ಇದೆ ಎಂದು ಹೆದರಿಸಿ, ಒಬ್ಬ ಮನುಷ್ಯ ಅಡ್ಡಡ್ಡ ನುಸುಳುವಷ್ಟು ಬಾಗಿಲು ಮಾಡಿಕೊಟ್ಟು ಹೋದ. ಉಳಿದ ಗೋಡೆ ಕೋಟೆಯ ಗೋಡೆಯಂತೆ ದಪ್ಪ. ಈಚೆ ಮನೆಯಲ್ಲಿರುವ ರೌಟರಿನ ವೈಫೈ ಅದನ್ನು ದಾಟಿ ಆಚೆ ಮನೆಗೆ ಹೋಗುವುದಿಲ್ಲ. ಫೋನಿನ ಸಿಗ್ನಲ್ ಸಿಗುವುದು ಈಚೆಯ ಬಾಲ್ಕನಿಯಲ್ಲಿ, ಅದೂ ಕಾಗೆಗಳ ಜೊತೆ ನಿಂತರೆ. ಹಾಗಾಗಿ ಗೋಡೆಯಲ್ಲಿ ತೂತು ಕೊರೆದು ಆಚೆಗೊಂದು ವೈರು ಎಳೆದಿದ್ದೇವೆ. ಅದು ಹೋಗಿ ಸೇರುವುದು ‘ಸ್ವಿಚ್’ ಎಂಬ ಸಣ್ಣ ಡಬ್ಬಿಗೆ. ದೀಪದ ಸ್ವಿಚ್ಚಲ್ಲ, ಇದು ಬೇರೆ. ಮೈತುಂಬ ಚೌಕಾಕಾರದ ತೂತುಗಳು, ಪ್ರತಿ ತೂತಿಗೂ ಒಂದು ಹಸಿರು ದೀಪ. ಒಂದು ತೂತಿನಿಂದ ಬಂದ ಮಾತನ್ನು ಇನ್ನೊಂದು ತೂತಿಗೆ ದಾಟಿಸುವುದಷ್ಟೇ ಅದರ ಕೆಲಸ. ಅಲ್ಲಿಂದ ವತ್ಸಲಾಳ ಕಂಪ್ಯೂಟರಿಗೊಂದು, ನನ್ನದಕ್ಕೊಂದು, ಟೀವಿಗೊಂದು ವೈರು ಹೋಗುತ್ತದೆ. ನಾಲ್ಕನೆಯದೇ ಈ ನೀಲಿ ವೈರು. ಹಿಂದೆ ಅದು ಪ್ರಿಂಟರಿಗೆ ಹೋಗುತ್ತಿತ್ತು. ಪ್ರಿಂಟರನ್ನು ಯಾರಿಗೋ ಕೊಟ್ಟ ಮೇಲೆ ಒಂದು ತುದಿ ಸ್ವಿಚ್ಚಿನಲ್ಲೇ ಉಳಿದು, ಇನ್ನೊಂದು ತುದಿ ಮೇಜಿನ ಪಕ್ಕ ಸುಮ್ಮನೆ ನೇತಾಡುತ್ತಿತ್ತು.

ಇಲ್ಲಿ ವತ್ಸಲಾಳ ಸ್ವಭಾವ ಒಂದಿಷ್ಟು ಹೇಳಬೇಕು. ಅವಳು ಫೋರ್ಟಿನ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಸಂಜೆ ಕೌಂಟರ್ ಮುಚ್ಚುವಾಗ ಮೇಜಿನ ಮೇಲೆ ಒಂದು ಗುಂಡುಸೂಜಿಯೂ ಉಳಿಯಬಾರದು ಎಂಬ ಶಿಸ್ತು ಅವಳ ಕೈಬೆರಳುಗಳಿಗೇ ಅಂಟಿಕೊಂಡಿದೆ. ನೇತಾಡುವ ಯಾವುದನ್ನೂ ಅವಳು ಸಹಿಸಳು. ಪರದೆಯ ದಾರ ನೇತಾಡಿದರೆ ಗಂಟು. ಮಲ್ಲಿಗೆ ಹಾರದ ದಾರದ ತುದಿ ಉಳಿದರೆ ಅದನ್ನು ದೇವರ ಪಟದ ಹಿಂದೆ ತುರುಕಬೇಕು. ನನ್ನ ಪೈಜಾಮದ ಲಾಡಿಯ ವಿಷಯದಲ್ಲಿ ಅತಿಥಿಗಳ ಎದುರಿಗೇ ಸೂಚನೆ ಕೊಟ್ಟಿದ್ದಾಳೆ. ಲೋಕಲ್ ಟ್ರೈನಿನಲ್ಲಿ ಅಪರಿಚಿತ ಹೆಂಗಸಿನ ಬ್ಯಾಗಿನ ಜಿಪ್ಪನ್ನು ಹಿಂದಿನಿಂದ ಎಳೆದು ಮುಚ್ಚಲು ಹೋಗಿ, ಕಳ್ಳಿಯೆಂದು ಬೈಸಿಕೊಂಡು, ಕುರ್ಲಾ ಬರುವಷ್ಟರಲ್ಲಿ ಅದೇ ಹೆಂಗಸಿನಿಂದ ಪಾವ್ ಭಾಜಿ ಮಾಡುವ ಕ್ರಮ ಬರೆದುಕೊಂಡು ಬಂದವಳು.

ನಿವೃತ್ತಳಾದ ಮೇಲೆ ಈ ಶಿಸ್ತಿಗೆ ನಾನೊಬ್ಬನೇ ಕಚ್ಚಾವಸ್ತುವಾದೆ. ಆಗ ನಮ್ಮನ್ನು, ಮುಖ್ಯವಾಗಿ ನನ್ನನ್ನು, ಕಾಪಾಡಿದ್ದು ಶೆಟ್ಟರ ಮೊಮ್ಮಗಳು ದಿಯಾ. ಶೆಟ್ಟರೆಂದರೆ ನಮ್ಮ ಬಿಲ್ಡಿಂಗಿನ ಕೆಳಗೇ ಹೋಟೆಲು ನಡೆಸುವವರು, ಮೊದಲ ಮಹಡಿಯಲ್ಲಿ ಮನೆ. ಮೊಮ್ಮಗಳು ಅಪ್ಪ ಅಮ್ಮನ ಜೊತೆ ಕಾಂದಿವಿಲಿಯಲ್ಲಿದ್ದಾಳೆ. ರಜೆಗೆ ಬಂದಾಗ ಒಮ್ಮೆ ನಮ್ಮ ಬಾಗಿಲಿನ ಕನ್ನಡದ ಹೆಸರುಫಲಕ ನೋಡಿ, “ಆಂಟಿ, ಯೆ ಡಿಸೈನ್ ಮಸ್ತ್ ಹೈ” ಎಂದಳು.

“ಡಿಸೈನ್ ಅಲ್ಲ ಪುಟ್ಟಿ, ಅದು ನಮ್ಮ ಹೆಸರು. ಕನ್ನಡ.”

“ನಂಗೆ ಸಮಜ್ ಆಗ್ತದೆ. ಪಢನಾ ಬರೂದಿಲ್ಲ.”

ಹಿಂದೆ ನಿಂತಿದ್ದ ಶೆಟ್ಟರು ನಿಟ್ಟುಸಿರಿಟ್ಟರು. “ನಮ್ಮ ಹೋಟ್ಲಿನ ಬೋರ್ಡ್ ಓದ್ಲಿಕ್ಕೆ ಬರುದಿಲ್ಲ ಇದಕ್ಕೆ. ಇಡ್ಲಿ ಮಾತ್ರ ಸರಿಯಾಗಿ ತಿಂತದೆ.”

ಅಂದು ವತ್ಸಲಾಳ ತಲೆಯೊಳಗೆ ಹುಳ ಹೊಕ್ಕಿತು. ಹಳೆಯ ಸಹೋದ್ಯೋಗಿಗಳಿಗೆಲ್ಲ ಫೋನು ಮಾಡಿದಳು. ವಾಶಿ, ಠಾಣೆ, ಬೊರಿವಿಲಿ, ಬಾಂದ್ರಾ ಎಂದು ಚದುರಿಹೋಗಿದ್ದ ಕನ್ನಡದವರ ಮೊಮ್ಮಕ್ಕಳನ್ನು ಕಲೆಹಾಕಿದಳು. ಭಾನುವಾರ ಸಂಜೆ ನಾಲ್ಕಕ್ಕೆ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಪಾಠ. ಅವಳು ಬರೆಯುವ ಕೈಯನ್ನು ಮೇಲಿನಿಂದ ತೋರಿಸುವ ಸಣ್ಣ ಕ್ಯಾಮೆರಾ ಬಂತು. ರಟ್ಟಿನ ಮೇಲೆ ದೊಡ್ಡ ಅಕ್ಷರಗಳು ಬಂದವು. ಕನ್ನಡಿಯ ಮುಂದೆ ನಿಂತು “ಮಕ್ಕಳೇ, ನಮಸ್ಕಾರ” ಎಂದು ಅಭ್ಯಾಸ ಮಾಡುವುದನ್ನು ಕೇಳಿ ನಾನು ಹಾಲ್‌ನಿಂದಲೇ “ನಮಸ್ಕಾರ ಟೀಚರ್” ಎಂದುಬಿಟ್ಟೆ. ತಮಾಷೆಗೆ. ಅವಳು ಬಾಗಿಲಿಗೆ ಬಂದಳು. ಮುಖದಲ್ಲಿ ತಮಾಷೆ ಇರಲಿಲ್ಲ.

“ನಗಬೇಡಿ. ನನಗೆ ಭಯವಾಗ್ತಿದೆ. ಇಷ್ಟು ವರ್ಷ ನೋಟು ಎಣಿಸಿದವಳು, ನನಗ್ಯಾರು ಪಾಠ ಮಾಡು ಅಂದ್ರು? ಒಂದು ಮಾತು ಹೇಳಿಬಿಟ್ಟಿದೀನಿ. ಮೊದಲನೇ ದಿನ ಎಡವಟ್ಟಾಯ್ತೋ, ಎರಡನೇ ದಿನ ಇಲ್ಲ. ಅವರಿಗೆಲ್ಲ ಫೋನ್ ಮಾಡಿ ಸಾರಿ ಹೇಳಿ ಮುಗಿಸಿಬಿಡ್ತೀನಿ.”

ಅವಳು ಹಾಗೆಂದರೆ ಹಾಗೆಯೇ. ಒಮ್ಮೆ ವೀಣೆ ಕಲಿಯಲು ಹೋಗಿ ಮೊದಲ ದಿನವೇ ತಂತಿ ಕಿತ್ತುಬಂದದ್ದಕ್ಕೆ, ಆಮೇಲೆ ವೀಣೆಯ ಚಿತ್ರವಿರುವ ಕ್ಯಾಲೆಂಡರನ್ನೂ ಮನೆಗೆ ತರಿಸಿಲ್ಲ.

ಆ ಭಾನುವಾರ ಬೆಳಿಗ್ಗೆ ಅವಳು ಪಾಠದ ಕೋಣೆಯನ್ನು, ಎಂದರೆ ಆಚೆ ಮನೆಯನ್ನು, ಉಜ್ಜಿ ಒರೆಸಿದಳು. ನಾನು ಈಚೆ ಪೇಪರು ಓದುತ್ತಿದ್ದೆ. ಅಲ್ಲಿಂದ ಏನೇನೋ ಹೇಳುತ್ತಿದ್ದಳು. “ಕ್ಯಾಮೆರಾದಲ್ಲಿ ಕಾಣುತ್ತೆ... ಎಲ್ಲಾ ನೇತಾಡ್ತಿತ್ತು... ನೀಟಾಗಿ ಸಿಗಿಸಿದೀನಿ...” ನಾನು “ಹೂಂ” ಎಂದೆ. ಬಹುಕಾಲದ ದಾಂಪತ್ಯದಲ್ಲಿ ಕಿವಿ ಕೇಳುತ್ತದೆ, ಬಾಯಿ ಹೂಂ ಎನ್ನುತ್ತದೆ, ನಡುವೆ ತಲೆಗೆ ತೊಂದರೆ ಕೊಡುವುದಿಲ್ಲ.

ಊಟವಾಗಿ ಅವಳು ಕಂಪ್ಯೂಟರು ತೆರೆದಾಗ ನೆಟ್ಟು ಇರಲಿಲ್ಲ. ಈಚೆ ಮನೆಯಲ್ಲೂ ಇರಲಿಲ್ಲ.

ಮೊದಲು ರೌಟರನ್ನು ಆರಿಸಿ ಹಚ್ಚಿದೆ. ಒಂದು ಕ್ಷಣ ಬಂತು. “ಬಂತು!” ಎಂದಳು ಆಚೆಯಿಂದ. ನಾನು ಕುರ್ಚಿಯಲ್ಲಿ ಕೂರುವಷ್ಟರಲ್ಲಿ “ಹೋಯ್ತು!” ಮತ್ತೆ ಆರಿಸಿ ಹಚ್ಚಿದೆ. ಬಂತು. ಹೋಯ್ತು. ಇಂಟರ್ನೆಟ್ ಕಂಪನಿಗೆ ಬಾಲ್ಕನಿಯಿಂದ ಫೋನು ಮಾಡಿದರೆ, ಸಂಗೀತ ಕೇಳಿಸಿ, ಆಮೇಲೊಬ್ಬಳು ಹುಡುಗಿ ಬಹಳ ಮರ್ಯಾದೆಯಿಂದ “ಸರ್, ರೌಟರ್ ಬಂದ್ ಕರ್ಕೆ ಚಾಲೂ ಕೀಜಿಯೆ” ಎಂದಳು. ಮಾಡಿದೆನಮ್ಮಾ ಎಂದೆ. “ಏಕ್ ಬಾರ್ ಔರ್ ಕೀಜಿಯೆ ಸರ್.” ಈ ವೈದ್ಯ ನಮ್ಮ ಅಜ್ಜಿಗೂ ಗೊತ್ತಿತ್ತು. ಯಾವ ಕಾಯಿಲೆಗೂ ಅವಳದು ಒಂದೇ ಮದ್ದು, ಒಂದು ನಿದ್ದೆ ಮಾಡಿ ಏಳು.

ಗೋಡೆಯ ತೂತಿನ ವೈರನ್ನು ಕಿತ್ತು ನೋಡಿದೆ. ಆಶ್ಚರ್ಯ, ಈಚೆ ಮನೆಯ ವೈಫೈ ಸರಾಗವಾಗಿ ಬಂತು. ಮತ್ತೆ ಸಿಗಿಸಿದೆ, ಈಚೆಯದೂ ಸತ್ತಿತು. ಅಂದರೆ ರೋಗ ಆಚೆ ಮನೆಯಲ್ಲಿದೆ, ಅಲ್ಲಿಂದ ಈಚೆಗೆ ಹಬ್ಬುತ್ತಿದೆ ಎಂಬಷ್ಟು ನನಗೂ ಹೊಳೆಯಿತು.

“ಹಾಗಾದ್ರೆ ಈಚೆಗೇ ಬಂದು ಪಾಠ ಮಾಡು” ಎಂದೆ.

“ಎಲ್ಲಿ, ಅಡುಗೆಮನೆ ಸಿಂಕಿನ ಮೇಲಾ? ಆ ದೊಡ್ಡ ಕಂಪ್ಯೂಟ್ರು, ಕ್ಯಾಮೆರಾ ಸ್ಟ್ಯಾಂಡು, ಮೇಜು... ಮೇಜು ಆ ಬಾಗಿಲಲ್ಲಿ ಹೊರಗೆ ಬರುತ್ತಾ?”

ಬರುವುದಿಲ್ಲ. ಮೇಜನ್ನು ಆಚೆ ಮನೆಯೊಳಗೇ ಜೋಡಿಸಿದ್ದು. ಅದು ಅಲ್ಲೇ ಹುಟ್ಟಿ ಅಲ್ಲೇ ಸಾಯಬೇಕಾದ ಮೇಜು. ಹೊಸ ಸ್ವಿಚ್ ತರೋಣವೆಂದರೆ ಭಾನುವಾರ, ಅಂಗಡಿಗಳಿಲ್ಲ, ಹಾರ್ಬರ್ ಲೈನಿನಲ್ಲಿ ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಲೋಕಲ್ ರೈಲುಗಳೂ ಬಂದ್.

ಅಷ್ಟರಲ್ಲಿ ಶೆಟ್ಟರು ಬಂದರು. ಮೊಮ್ಮಗಳು ಕಾಂದಿವಿಲಿಯಿಂದ ಫೋನು ಮಾಡಿ, ಟೀಚರ್ ಆಂಟಿಯ ಲಿಂಕ್ ಬಂದಿಲ್ಲವೆಂದು ಕೇಳಿದ್ದಳಂತೆ.

“ಎಂತ ಸಾರ್? ಮಗು ಆಗ್ಲೇ ತಲೆ ಬಾಚಿ ಕೂತಿದೆ ಅಂತೆ ಮಾರಾಯ್ರೆ.”

ವತ್ಸಲಾಳ ಮುಖ ಇನ್ನಷ್ಟು ಸಣ್ಣದಾಯಿತು. ನಾನು ವಿವರಿಸಿದೆ. ಶೆಟ್ಟರು ಸ್ವಿಚ್ಚನ್ನು ಫ್ರಿಜ್ಜು ತಟ್ಟುವ ಹಾಗೆ ಎರಡು ಸಲ ತಟ್ಟಿದರು.

“ಲೂಸ್ ಉಂಟು.”

“ಯಾವುದು?”

“ಯಾವುದೋ ಒಂದು. ಇಂಥದ್ರಲ್ಲಿ ಯಾವಾಗ್ಲೂ ಲೂಸೇ. ನಮ್ಮ ಗ್ರೈಂಡರೂ ಹೀಗೇ.”

ಭಾರತದಲ್ಲಿ ಕೆಟ್ಟುಹೋಗುವ ಯಾವ ಯಂತ್ರಕ್ಕಾದರೂ ನಾವು ಕೊಡುವ ಮೊದಲ ಹೆಸರು ಲೂಸ್ ಕನೆಕ್ಷನ್. ನಾನೂ ನಂಬಿದೆ. ಪ್ರತಿ ವೈರನ್ನೂ ಒತ್ತಿದೆ, ಟಕ್ ಟಕ್ ಎನಿಸಿದೆ. ಯಾವುದೂ ಸಡಿಲವಿರಲಿಲ್ಲ. ಎಲ್ಲವೂ ಎಷ್ಟು ಭದ್ರ, ಎಷ್ಟು ಅಚ್ಚುಕಟ್ಟು! ಆ ಅಚ್ಚುಕಟ್ಟು ಕಂಡೇ ನನಗೆ ಅನುಮಾನ ಬರಬೇಕಿತ್ತು. ಚಕ್ಕುಲಿ ಡಬ್ಬಿಯನ್ನು ತಂದು ನೆಲದ ಮೇಲೆ ಸುರಿದು, ಒಂದೊಂದೇ ವೈರನ್ನು ಬದಲಾಯಿಸತೊಡಗಿದೆ. ಬೂದು ಬಣ್ಣದ್ದು ಹಾಕಿ “ಬಂತಾ?” ಎನ್ನುವುದು. “ಇಲ್ಲ.” ಹಳದಿಯದು ಹಾಕಿ “ಈಗ ಬಂತಾ?” “ಇಲ್ಲಾರೀ!”

“ನಮ್ಮ ಹೋಟ್ಲಿಗೆ ಬನ್ನಿ ಅಮ್ಮ” ಎಂದರು ಶೆಟ್ಟರು. “ಫ್ಯಾಮಿಲಿ ರೂಮಲ್ಲಿ ಕೂತು ಪಾಠ ಮಾಡಿ. ವೈಫೈ ಫಸ್ಟ್ ಕ್ಲಾಸ್.”

“ನಾನು ಅ ಆ ಅನ್ನುವಾಗ ಹಿಂದಿನಿಂದ ಎರಡು ಮಸಾಲೆ, ಒಂದು ಕಟ್ಟಿಂಗ್ ಚಾ ಅಂತ ಕೂಗ್ತಾರಲ್ಲ ಶೆಟ್ರೇ!”

“ಅದೂ ಕನ್ನಡವೇ ಅಲ್ವಾ?”

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಅಂದು ರಟ್ಟಿನ ಅಕ್ಷರಗಳನ್ನು ಒಂದರ ಮೇಲೊಂದು ಜೋಡಿಸಿ, ಅಂಚು ಸರಿಮಾಡಿ, ಚೀಲಕ್ಕೆ ಹಾಕತೊಡಗಿದಳು. “ಬಿಡಿ. ಹೇಳಿದ್ನಲ್ಲ. ಇದು ನನಗಲ್ಲ.” ಅವಳ ಕೈ ಫೋನಿನ ಕಡೆ ಹೋಗುತ್ತಿತ್ತು. ಬಾಲ್ಕನಿಗೆ ನಡೆದು ಒಂದು ಸಲ ‘ಸಾರಿ’ ಎಂದುಬಿಟ್ಟರೆ ಮುಗಿಯಿತು, ವೀಣೆಯ ಗತಿಯೇ ಈ ಪಾಠಕ್ಕೂ.

“ಒಂದು ನಿಮಿಷ ತಡಿ” ಎಂದೆ. ಏಕೆ ಎಂದೆನೋ ಗೊತ್ತಿಲ್ಲ. ನಡುಬಾಗಿಲಿನಲ್ಲಿ, ಎರಡೂ ಮನೆಗಳ ಮಧ್ಯೆ, ಕೈಯಲ್ಲೊಂದು ವೈರು ಹಿಡಿದು ನಿಂತುಬಿಟ್ಟೆ. ಆಚೆಗೊಮ್ಮೆ ಕೂಗಿ, ಈಚೆಗೊಮ್ಮೆ ಕೂಗಿ ಗಂಟಲು ಒಣಗಿತ್ತು. ಹೀಗೆ ನಡುವೆ ನಿಂತು ಬಂತಾ ಬಂತಾ ಎಂದು ಕೂಗುವುದು ಎಲ್ಲೋ ಆಗಲೇ ಮಾಡಿದ ಕೆಲಸ ಅನ್ನಿಸಿತು.

ನಾನು ಬೆಳೆದದ್ದೂ ಚೆಂಬೂರಿನಲ್ಲೇ, ಅಪ್ಪನ ಕಂಪನಿಯ ಕಾಲನಿಯಲ್ಲಿ. ಭಾನುವಾರ ಸಂಜೆ ಟೀವಿಯಲ್ಲಿ ಸಿನಿಮಾ. ಅದಕ್ಕೆ ಮೊದಲು ಬಿಲ್ಡಿಂಗಿನ ಟೆರೇಸಿನ ಮೇಲೆ ಆಂಟೆನಾ ತಿರುಗಿಸುವ ಸಂಭ್ರಮ. ಕೊಕ್ಕರೆಯೋ ಕಾಗೆಯೋ ಕೂತು ಅದು ಪ್ರತಿ ವಾರವೂ ಓರೆಯಾಗುತ್ತಿತ್ತು. ಅಪ್ಪ ಬನಿಯನ್, ಪಂಚೆಯಲ್ಲಿ ಮೇಲೆ ಹೋಗುತ್ತಿದ್ದರು. ಅಕ್ಕ ಶಾರದೆ ಕೆಳಗೆ ಟೀವಿಯ ಮುಂದೆ. ಮೇಲಿನವರಿಗೆ ಕೆಳಗಿನವರ ಧ್ವನಿ ಕೇಳದ ಕಾರಣ ಮೆಟ್ಟಿಲ ನಡುವೆ ನಾನು. ಮೊದಲೆಲ್ಲ ನಾನು ಈ ಕಥೆ ಹೇಳುವಾಗ ಆಂಟೆನಾ ಹಿಡಿದವನು ನಾನೇ ಆಗಿರುತ್ತಿದ್ದೆ. ಗಾಳಿಗೆ ಕೂದಲು ಹಾರುತ್ತಿತ್ತು, ದೂರದಲ್ಲಿ ರಿಫೈನರಿಯ ಬೆಂಕಿಯ ನಾಲಿಗೆ ಕಾಣುತ್ತಿತ್ತು. ಅಕ್ಕ ಒಮ್ಮೆ ನೆಂಟರೆಲ್ಲರ ಎದುರು, “ಸುಳ್ಳು. ನಿನ್ನನ್ನ ಟೆರೇಸಿಗೆ ಯಾರೋ ಬಿಟ್ರು? ನೀನು ಮೆಟ್ಟಿಲ ಮೇಲೆ ನಿಂತು ಹೇಳಿದ್ದನ್ನೇ ಹೇಳ್ತಿದ್ದೆ” ಎಂದಳು. ಅಂದಿನಿಂದ ನನಗೂ ಮೆಟ್ಟಿಲೇ ನೆನಪಿಗೆ ಬರುತ್ತದೆ. ಬೆಂಕಿಯ ನಾಲಿಗೆ ಮಾತ್ರ ಹೇಗೋ ಮೆಟ್ಟಿಲಿನಿಂದಲೂ ಕಾಣುತ್ತದೆ.

ಆ ಮೆಟ್ಟಿಲಿನ ಒಂದು ಸಂಜೆ ಈಗ ಎದುರಿಗೆ ಬಂತು. ನನಗಿಂತ ಮೇಲಿನ ಮೆಟ್ಟಿಲ ತಿರುವಿನಲ್ಲಿ ಕುಲಕರ್ಣಿ ಕಾಕು ನಿಂತಿದ್ದಾರೆ. ಮೂರನೆಯ ಮಹಡಿಯ ಮರಾಠಿ ಹೆಂಗಸು, ನಮಗೆ ನೆರವಾಗಲು ಬಂದವರು. ಕೆಳಗಿನಿಂದ ಅಕ್ಕ “ಬಂತು” ಎಂದಳು. ನಾನು ಮೇಲಕ್ಕೆ “ಬಂತು!” ಎಂದೆ. ಕಾಕು ಟೆರೇಸಿನ ಕಡೆ ತಿರುಗಿ ಅದನ್ನೇ ಮರಾಠಿಯಲ್ಲಿ “ಆಲಾ!” ಎಂದರು, ನನ್ನ ಕಡೆಗೂ ತಿರುಗಿ “ಆಲಾ!” ಎಂದರು, ಎರಡೂ ಕಡೆ ತಿಳಿಯಲಿ ಎಂದು. ಅದು ಮೇಲಿನಿಂದ ಬಂದ ಹೊಸ ಸುದ್ದಿ ಎಂದುಕೊಂಡು ನಾನು ಕೆಳಕ್ಕೂ ಮೇಲಕ್ಕೂ ಮತ್ತೆ “ಬಂತು!” ಎಂದೆ. ಕಾಕು ಮತ್ತೆ “ಆಲಾ!” ಹೀಗೆ ಬಂತು ಆಲಾ ಬಂತು ಆಲಾ ಎಂದು ಇಬ್ಬರೂ ಒಬ್ಬರ ಮಾತನ್ನು ಒಬ್ಬರಿಗೆ ಸಾಗಹಾಕುತ್ತ, ಬಿಲ್ಡಿಂಗಿಡೀ ಗುಲ್ಲೋ ಗುಲ್ಲು. ಆ ಗದ್ದಲದಲ್ಲಿ ಕೆಳಗೆ ಅಕ್ಕ “ಹೋಯ್ತು! ಹೋಯ್ತು!” ಎಂದು ಕಿರುಚಿದ್ದು ಯಾರಿಗೂ ಕೇಳಿಸಲಿಲ್ಲ. ಅಪ್ಪ ಸಮಾಧಾನದಿಂದ ಆಂಟೆನಾ ಬಿಗಿದು ಕಟ್ಟಿ, ಕೈ ತೊಳೆದು ಬಂದು ಟೀವಿಯ ಮುಂದೆ ಕೂತರೆ, ಪರದೆಯ ತುಂಬ ಇರುವೆಗಳು, ಸಾಸಿವೆ ಸಿಡಿಯುವ ಸದ್ದು.

ನಾನು ನಡುಬಾಗಿಲಿನಿಂದ ತಿರುಗಿ ಸ್ವಿಚ್ಚಿನ ಕಡೆ ನೋಡಿದೆ. ಅದರ ಹಸಿರು ದೀಪಗಳು ದಿನವೂ ಒಂದೊಂದಾಗಿ, ಬಿಡುವಾಗಿ, ಹರಟೆ ಹೊಡೆಯುವ ಮುದುಕರಂತೆ ಮಿನುಗುತ್ತವೆ. ಇವತ್ತು ಎಲ್ಲವೂ ಒಟ್ಟಿಗೆ, ಉಸಿರುಗಟ್ಟಿ, ಪಟಪಟನೆ ಹೊಡೆದುಕೊಳ್ಳುತ್ತಿದ್ದವು. ಇಷ್ಟು ಹೊತ್ತೂ ನಾನು ಇದು ಸತ್ತಿದೆ ಎಂದುಕೊಂಡಿದ್ದೆ. ಸತ್ತದ್ದು ಹೀಗೆ ಕುಣಿಯುತ್ತದೆಯೇ? ಇದು ಮಾತಾಡುತ್ತಿದೆ. ಬಂತು ಆಲಾ ಬಂತು ಆಲಾ.

ಮೊಣಕಾಲೂರಿ ಕೂತು, ಕನ್ನಡಕ ಸರಿಮಾಡಿಕೊಂಡು, ವೈರುಗಳನ್ನು ಬೆರಳಿನಿಂದ ಹಿಡಿದು ಹಿಂಬಾಲಿಸಿದೆ. ಇದು ಗೋಡೆಗೆ. ಇದು ಅವಳ ಕಂಪ್ಯೂಟರಿಗೆ. ಇದು ನನ್ನದಕ್ಕೆ, ಇದು ಟೀವಿಗೆ. ನೀಲಿಯದು? ಸ್ವಿಚ್ಚಿನಿಂದ ಹೊರಟು, ಮೇಜಿನ ಕಾಲನ್ನು ಸುತ್ತಿ, ರಬ್ಬರ್ ಬ್ಯಾಂಡಿನಲ್ಲಿ ಅಚ್ಚುಕಟ್ಟಾಗಿ ಮಡಚಿಕೊಂಡು, ಹಿಂತಿರುಗಿ ಬಂದು, ಅದೇ ಸ್ವಿಚ್ಚಿನ ಖಾಲಿ ತೂತಿನಲ್ಲಿ ಕೂತಿತ್ತು. ಎರಡೂ ತುದಿ ಒಂದೇ ಡಬ್ಬಿಯಲ್ಲಿ. ಸ್ವಿಚ್ಚು ಹೇಳಿದ ಮಾತು ಅದಕ್ಕೇ ಮರಳಿ ಬರುತ್ತಿತ್ತು. ಹೊಸ ಮಾತೆಂದು ಅದು ಎಲ್ಲರಿಗೂ ಮತ್ತೆ ಹೇಳುತ್ತಿತ್ತು. ನೇತಾಡುತ್ತಿದ್ದ ತುದಿಗೆ ಯಾರೋ ಒಂದು ನೆಲೆ ಕಾಣಿಸಿದ್ದರು. ಬೆಳಗಿನ “ಹೂಂ” ಈಗ ತಲೆಗೆ ತಲುಪಿತು.

ಶೆಟ್ಟರು ಹೇಳಿದ್ದಕ್ಕೆ ಪೂರಾ ವಿರುದ್ಧ. ಲೂಸ್ ಇದ್ದದ್ದನ್ನು ಬಿಗಿ ಮಾಡಿದ್ದೇ ಕೇಡಾಗಿತ್ತು.

ಸದ್ದಿಲ್ಲದೆ ನೀಲಿ ತುದಿಯನ್ನು ಹೊರಗೆಳೆದೆ. ದೀಪಗಳು ಒಮ್ಮೆ ಬೆಚ್ಚಿ, ಆಮೇಲೆ ನಿಧಾನವಾದವು. ಮುದುಕರು ಮತ್ತೆ ಕಟ್ಟೆಯ ಮೇಲೆ ಕೂತರು.

“ಬಂತಾ?” ಎಂದೆ.

ವತ್ಸಲಾ ಚೀಲ ಕೆಳಗಿಟ್ಟು ಕಂಪ್ಯೂಟರಿನ ಮುಂದೆ ಬಂದಳು. ಪರದೆಯ ಕಡೆ ಬಗ್ಗಿದವಳು ಬಗ್ಗಿಯೇ ಇದ್ದಳು. ಇನ್ನೇನು ಹೋಗುತ್ತದೆ ಎಂದು ಕಾಯುತ್ತಿದ್ದಳೋ ಏನೋ. ಹೋಗಲಿಲ್ಲ.

“ಬಂತು ರೀ” ಎಂದಳು ಮೆಲ್ಲಗೆ. ಆಮೇಲೆ ಚೀಲದಿಂದ ರಟ್ಟುಗಳನ್ನು ಹೊರತೆಗೆದಳು.

“ಹೇಳಿದ್ನಲ್ಲ” ಎಂದರು ಶೆಟ್ಟರು. “ಲೂಸೇ.”

ನಾನು ಹೌದೆಂದೆ. ಆ ಹೊತ್ತಿನಲ್ಲಿ ಅವಳಿಗೆ ‘ನಿನ್ನ ಕೈಯಿಂದಲೇ ಆದದ್ದು’ ಎಂದು ಹೇಳುವಷ್ಟು ಸತ್ಯಸಂಧ ನಾನಲ್ಲ.

ನಾಲ್ಕಕ್ಕೆ ಪಾಠ ಶುರುವಾಯಿತು. ನಡುಬಾಗಿಲಿನಲ್ಲಿ ಅಡ್ಡ ನಿಂತು ಕೇಳಿಸಿಕೊಂಡೆ. ಮೊದಲ “ಮಕ್ಕಳೇ, ನಮಸ್ಕಾರ” ಅಲುಗಾಡಿತು. ಅತ್ತಲಿಂದ ದಿಯಾ, “ಆಂಟಿ, ನಿಮ್ಮ ಹಿಂದೆ ಅಂಕಲ್ ಯಾಕೆ ನೆಲದ ಮೇಲೆ ವೈರ್ ಫೇಂಕ್ ಮಾಡಿದ್ದಾರೆ?” ಎಂದಳು. ನಾನು ಡಬ್ಬಿಯಿಂದ ಸುರಿದದ್ದೆಲ್ಲ ಕ್ಯಾಮೆರಾಗೆ ಕಾಣುತ್ತಿತ್ತು. ವತ್ಸಲಾ ಹಿಂತಿರುಗಿ ನೋಡಿದಳು. ಅವಳ ಮುಖದ ಮೇಲೆ ಬ್ಯಾಂಕಿನ ಸಂಜೆ ಸುಳಿದು ಹೋಯಿತು. ಆಮೇಲೆ, ನನ್ನನ್ನು ಬೆರಗುಗೊಳಿಸಿ, ನಕ್ಕುಬಿಟ್ಟಳು. ಬಗ್ಗಿ ಒಂದು ಹಳದಿ ವೈರನ್ನು ಎತ್ತಿಕೊಂಡು, ಮೇಲಿನ ಕ್ಯಾಮೆರಾದ ಕೆಳಗೆ ಮೇಜಿನ ಮೇಲೆ ಸುತ್ತಿ, ಬಳುಕಿಸಿ, “ಇದು ಅ. ನೋಡಿ, ಹೀಗೆ ಸುತ್ತಿ, ಹೀಗೆ ಬಂದು, ಈ ತುದಿಯನ್ನ ಹೊರಗೆ ಬಿಡಬೇಕು. ಮುಚ್ಚಿಬಿಡಬಾರದು” ಎಂದಳು. ಮಕ್ಕಳೆಲ್ಲ ತಮ್ಮ ತಮ್ಮ ಮನೆಯ ಚಾರ್ಜರುಗಳನ್ನು ಕಿತ್ತುಕೊಂಡು ಬರಲು ಓಡಿದರು. ಎರಡನೆಯ ಭಾನುವಾರ ಇದೆ ಎಂದು ನನಗೆ ಆಗಲೇ ಗೊತ್ತಾಯಿತು.

ಸಂಜೆ ಮುಲುಂಡಿನಿಂದ ಅಕ್ಕ ಫೋನು ಮಾಡಿದಳು. ಬಾಲ್ಕನಿಯಲ್ಲಿ ಸ್ಪೀಕರ್ ಹಾಕಿ ಮೂವರೂ ಮಾತಾಡಿದೆವು. ನಾನು ಉತ್ಸಾಹದಿಂದ ಕುಲಕರ್ಣಿ ಕಾಕುವಿನ ವಿಷಯ ಎತ್ತಿದೆ. ಆ ಸಂಜೆ ನೆನಪಾದದ್ದಕ್ಕೇ ಇವತ್ತು ನೆಟ್ಟು ಬಂತು ಎನ್ನಬೇಕೆಂದಿದ್ದೆ.

“ಯಾವ ಕಾಕು?” ಎಂದಳು ಅಕ್ಕ.

“ಮೂರನೇ ಮಹಡಿ. ಮೆಟ್ಟಿಲ ಮೇಲೆ ಆಲಾ ಆಲಾ ಅಂತ...”

“ಸೀನೂ, ಅವರು ನಮ್ಮ ಬಿಲ್ಡಿಂಗಿಗೆ ಬಂದದ್ದೇ ಕೇಬಲ್ ಟೀವಿ ಬಂದ ಮೇಲೆ ಕಣೋ. ಆಗ ಆಂಟೆನಾದ ಮೇಲೆ ಅಮ್ಮ ಹಪ್ಪಳದ ಬಟ್ಟೆ ಒಣಗಿಸ್ತಿದ್ದಳು. ಎಂಥ ಆಲಾ?”

ನಾನು ರಿಫೈನರಿಯ ಕಡೆ ನೋಡಿದೆ. ಹಾಗಾದರೆ ಇಂದು ಮಧ್ಯಾಹ್ನ ನಡುಬಾಗಿಲಿನಲ್ಲಿ ನನ್ನ ಮುಂದೆ ಬಂದು ನಿಂತವರು ಯಾರು? ಎರಡು ಬೇರೆ ಬೇರೆ ವರ್ಷಗಳನ್ನು ಒಂದೇ ಮೆಟ್ಟಿಲಿಗೆ ತಂದು ನಿಲ್ಲಿಸಿದ್ದೆನೋ, ಅಕ್ಕನೇ ಮರೆತಿದ್ದಾಳೋ? ಎಂದೂ ನಡೆಯದ ಒಂದು ಗದ್ದಲ ಇವತ್ತಿನ ನೆಟ್ಟನ್ನು ಸರಿಮಾಡಿತ್ತು. ತರಗತಿಯಲ್ಲಿ ಯಾವನಾದರೂ ಹುಡುಗ ಇಂಥದ್ದು ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ.

“ಅದಿರಲಿ, ನೆಟ್ಟು ಹೇಗೆ ಸರಿಹೋಯ್ತು ವತ್ಸಲಾ?” ಎಂದಳು ಅಕ್ಕ.

“ಅಯ್ಯೋ, ಇವರು ಮಧ್ಯಾಹ್ನವೆಲ್ಲ ಡಬ್ಬಿ ಸುರಿದುಕೊಂಡು ಕೂತಿದ್ರು ಅಕ್ಕ. ಒಂದು ನೀಲಿ ವೈರು ನೇತಾಡ್ತಿತ್ತು. ನಾನೇ ನೋಡಿ ಖಾಲಿ ತೂತಿಗೆ ಸಿಗಿಸಿದೆ. ಆಮೇಲೆ ಬಂತು.”

ಅವಳು ಸುಳ್ಳು ಹೇಳುತ್ತಿರಲಿಲ್ಲ. ಸಿಗಿಸಿದ್ದು ನಿಜ. ಬಂದದ್ದೂ ಆಮೇಲೆಯೇ. ನಡುವೆ ನಡೆದದ್ದು ಬಿದ್ದುಹೋಗಿತ್ತು, ಅಷ್ಟೆ. ಅವಳ ಮುಖ ನೋಡಿದೆ. ಅದರಲ್ಲಿ ಅಂಜಿಕೆಯಿರಲಿಲ್ಲ, ಮುಂದಿನ ವಾರ ಯಾವ ಅಕ್ಷರ ಎಂಬ ಲೆಕ್ಕಾಚಾರವಿತ್ತು.

“ಹೌದೇನೋ ಸೀನೂ? ಅವಳೇ ಸರಿಮಾಡಿದಳಾ?” ಎಂದಳು ಅಕ್ಕ ಅತ್ತಲಿಂದ.

ಮೆಟ್ಟಿಲ ಮೇಲೆ ನಿಂತವನು ಹೇಳಿದ್ದನ್ನೇ ಹೇಳಬೇಕು. “ಹೌದಕ್ಕ” ಎಂದೆ. “ಅವಳೇ.”

ದಿನಚರಿಯಲ್ಲಿ ಅಂದು ಏನು ಬರೆಯಬೇಕೆಂದು ತಿಳಿಯದೆ, ಪಾಠ ಚೆನ್ನಾಗಿ ಆಯಿತು ಎಂದಷ್ಟೇ ಬರೆದೆ.

ತೊಡಕು ಎದುರಾದದ್ದು ಮುಂದಿನ ಶನಿವಾರ. ಅಪಾಯವೇ ಬೇಡವೆಂದು ನಾನು ನೀಲಿ ವೈರನ್ನು ಎರಡೂ ತುದಿ ಕಿತ್ತು ಡಬ್ಬಿಗೆ ಹಾಕಿದ್ದೆ. ವತ್ಸಲಾ ಮನೆಯೆಲ್ಲ ಹುಡುಕಿದಳು. “ಅದನ್ಯಾಕೆ ತೆಗೆದ್ರಿ? ಅದು ಹಾಕಿದ ಮೇಲೇ ಅಲ್ವಾ ಬಂದದ್ದು?” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಅವಳೇ ಡಬ್ಬಿಯಿಂದ ಅದನ್ನು ಬಿಡಿಸಿ ತೆಗೆದು, ಒಂದು ತುದಿ ಸ್ವಿಚ್ಚಿಗೆ ಹಾಕಿ, ಇನ್ನೊಂದು ತುದಿ ಹಿಡಿದು ಖಾಲಿ ತೂತು ಹುಡುಕುತ್ತಿದ್ದಳು. ನಾನು ಓಡಿಹೋಗಿ ಡಬ್ಬಿಯ ತಳದಿಂದ ಎಂದೋ ಸತ್ತ ಹಳೆಯ ರೌಟರನ್ನು ತಂದೆ. ಅದನ್ನು ಸ್ವಿಚ್ಚಿನ ಪಕ್ಕದಲ್ಲಿಟ್ಟು, “ಇಲ್ಲಿ ಹಾಕು, ಇನ್ನೂ ಒಳ್ಳೇದು” ಎಂದೆ. ಅದಕ್ಕೆ ಕರೆಂಟಿಲ್ಲ, ದೀಪವಿಲ್ಲ, ಜೀವವಿಲ್ಲ. ಆದರೆ ತೂತಿದೆ. ನೀಲಿ ತುದಿ ಟಕ್ ಎಂದು ಅದರಲ್ಲಿ ಕೂತಿತು. ಏನೂ ನೇತಾಡುತ್ತಿರಲಿಲ್ಲ. ಅವಳು ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ತೃಪ್ತಳಾಗಿ, ಸೆರಗಿನಿಂದ ಅದರ ಧೂಳು ಒರೆಸಿದಳು.

ಇವತ್ತಿಗೂ ಹಾಗೆಯೇ ಇದೆ. ಪಾಠಕ್ಕೆ ಮಕ್ಕಳು ಹೆಚ್ಚಾಗಿದ್ದಾರೆ, ಒತ್ತಕ್ಷರದವರೆಗೆ ಬಂದಿದ್ದಾರೆ. ಭಾನುವಾರ ನಾಲ್ಕಕ್ಕೆ ಮೊದಲು ಅವಳು ಆ ಸತ್ತ ಡಬ್ಬಿಯ ನೀಲಿ ವೈರನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡುತ್ತಾಳೆ. ನಾನು ನಡುಬಾಗಿಲಿನಲ್ಲಿ ಅಡ್ಡ ನಿಂತಿರುತ್ತೇನೆ. ಈಚೆ ರೌಟರಿನ ದೀಪ, ಆಚೆ ಸ್ವಿಚ್ಚಿನ ದೀಪ, ಎರಡೂ ಕಾಣುವ ಜಾಗ ಅದೊಂದೇ.

“ಬಂತಾ?” ಎನ್ನುತ್ತಾಳೆ, ವೈರಿನ ಮೇಲೆ ಬೆರಳಿಟ್ಟು.

“ಬಂತು” ಎನ್ನುತ್ತೇನೆ.